ಅರ್ಧಕ್ಕೆ ನಿಂತ ಬೈಗುಳ

ಹಾರ್ಡ್ ಡಿಸ್ಕು ನಮ್ಮ ಮನೆಗೆ ಬಂದದ್ದು ಸ್ಟೀಲಿನ ಊಟದ ಡಬ್ಬಿಯಲ್ಲಿ. ಹಿರೇಕೆರೂರಿನಿಂದ ಹಾನಗಲ್ಲಿಗೆ ಬರುವ ಬಸ್ಸಿನಲ್ಲಿ ಕುಲುಕಾಡಿ ಕೆಟ್ಟೀತೆಂದು ನಿರ್ದೇಶಕಿ ಅದನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ, ಡಬ್ಬಿಯೊಳಗಿಟ್ಟು, ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

"ಯಾಕವ್ವ, ಊಟಾ ಕಟಗೊಂಡ ಬಂದಿ? ನಮ್ಮನ್ಯಾಗ ರೊಟ್ಟಿ ಇಲ್ಲೇನು?" ಅಂದೆ.

"ರೊಟ್ಟಿ ನಿಮ್ಮಲ್ಲೇ ತಿಂತೇನ್ರಿ ಅಕ್ಕಾರ. ಇದರಾಗ ನಮ್ಮ ಅಣ್ಣಾರ ಅದಾರ" ಅಂದಳು.

ಅಣ್ಣಾರು ಅಂದರೆ ಊರೂರು ತಿರುಗಿ ನಗಿಸುತ್ತಿದ್ದ ಒಬ್ಬ ನಗೆಗಾರರು. ಹಂಸಭಾವಿಯ ಹೊಲಮನೆಯುಳ್ಳ, ಅಂಗಡಿಯುಳ್ಳ ಮನೆತನದವರು. ಒಂದು ಮೈಕು ಹಿಡಿದು ಒಬ್ಬರೇ ನಿಂತು ಮಾತಾಡುತ್ತಿದ್ದರು. ನಮ್ಮ ಕಡೆ ನಗೆಯ ಕಾರ್ಯಕ್ರಮಗಳಿಗೇನೂ ಬರವಿಲ್ಲ. ಗಂಡ ಹೆಂಡಿರ ಜಗಳ, ಕುಡುಕನ ಕತೆ, ಮಾಸ್ತರರ ಕತೆ ಹೇಳಿ ಶಾಲು ಹೊದ್ದುಕೊಂಡು ಹೋಗುವವರು ಬೇಕಾದಷ್ಟು ಇದ್ದಾರೆ. ಇವರು ಹಾಗಲ್ಲ. ತಮ್ಮದೇ ಮನೆಯ, ತಮ್ಮದೇ ಜಾತಿಯ ಮುಚ್ಚಿಟ್ಟ ಮಾತನ್ನು ಮುಂದಿನ ಸಾಲಿನಲ್ಲಿ ಕೂತವರ ಎದುರಿಗೇ ತೆಗೆಯುತ್ತಿದ್ದರು. ಶಿಗ್ಗಾಂವಿಯಲ್ಲೊಮ್ಮೆ ಸಿಟ್ಟಿಗೆದ್ದವರು ಮೈಕಿನ ವೈರು ಕಿತ್ತರು. ಇವರು ವೇದಿಕೆ ಇಳಿದು ಜನರ ನಡುವೆ ಕೂತು, "ನಾನೇನು ಕರೆಂಟಿನ ಮ್ಯಾಲೆ ಹುಟ್ಟೇನೇನ್ರಿ?" ಎಂದು ಕೇಳಿ ಮಾತು ಮುಂದುವರಿಸಿದರು. ಬಳಗದವರು ಮದುವೆ ಪತ್ರಿಕೆ ಕೊಡುವುದನ್ನು ನಿಲ್ಲಿಸಿದಾಗ ಅದನ್ನೂ ಕಾರ್ಯಕ್ರಮದಲ್ಲಿ ಸೇರಿಸಿಕೊಂಡರು: "ಎಲ್ಲಾರೂ ಸೇರಿ ನನ್ನ ದೂರ ಇಟ್ಟಾರ. ವರ್ಷಕ್ಕ ಎಷ್ಟು ಆಹೇರಿ ಮುಯ್ಯಿ ಉಳದಾವು ಅಂತ ನಮ್ಮನಿಯಾಕಿನ್ನ ಕೇಳ್ರಿ."

ಹೋದ ವರ್ಷ ಮಳೆಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಚಿಕ್ಕೇರೂರಿನ ಹತ್ತಿರದ ಈ ಹುಡುಗಿ ಕಾಲೇಜಿನಲ್ಲಿದ್ದಾಗಿನಿಂದ ಅವರ ಕಾರ್ಯಕ್ರಮಗಳನ್ನು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಈಗ ಅವರ ಬದುಕಿನ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದಳು. ನಮ್ಮದು ಹಾನಗಲ್ಲಿನಲ್ಲಿ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ. ನಮ್ಮ ಯಜಮಾನರು ಕ್ಯಾಮೆರಾ ಹಿಡಿಯುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಕೂತು ಕತ್ತರಿಸಿ ಜೋಡಿಸುತ್ತೇನೆ. ಕುಕ್ಕರು ಕೂಗಿದರೆ ಎದ್ದು ಹೋಗಿ ಬರುವಷ್ಟು ಹತ್ತಿರದಲ್ಲಿ ಅಡುಗೆಮನೆ ಇದೆ.

ಮದುವೆಯ ವಿಡಿಯೋದಲ್ಲಿ ಧ್ವನಿಯ ಚಿಂತೆ ಕಡಿಮೆ. ಮೇಲೊಂದು ಹಾಡು ಹಾಕಿದರೆ ಅಡಿಯಲ್ಲಿ ಏನಿದ್ದರೂ ನಡೆಯುತ್ತದೆ. ಇಲ್ಲಿ ಧ್ವನಿಯೇ ಎಲ್ಲ. ಫೋನಿನಲ್ಲಿ ಹಿಡಿದ ಮಾತಿನ ಹಿಂದೆ ಫ್ಯಾನು ಗುಂಯ್‌ಗುಟ್ಟುತ್ತಿತ್ತು, ಜನ ನಕ್ಕಾಗ ಧ್ವನಿ ಒಡೆಯುತ್ತಿತ್ತು. ಮೊದಲಿಗೆ ಪ್ರತಿ ಕಾರ್ಯಕ್ರಮವನ್ನೂ ಪೂರ್ತಿ ಕೇಳಿ, ಒಂದೇ ಮಾತನ್ನು ಅವರು ಯಾವ ಊರಿನಲ್ಲಿ ಹೇಗೆ ಹೇಳಿದ್ದಾರೆಂದು ಬೇರೆ ಬೇರೆ ಮಾಡಿದೆ. ಸವಣೂರಿನವರು ಒಮ್ಮೆಗೇ ನಗುತ್ತಾರೆ, ಚಪ್ಪಾಳೆ ಹೊಡೆದು ಮುಗಿಸುತ್ತಾರೆ. ಹಿರೇಕೆರೂರಿನಲ್ಲಿ ಹಿಂದಿನ ಸಾಲಿನ ಯಾರೋ ಒಬ್ಬರು ಶುರು ಮಾಡಬೇಕು, ಆಮೇಲೆ ನಗು ಮುಂದಕ್ಕೆ ಬರುತ್ತದೆ. ಅಲ್ಲಿಯ ಮಾತಿಗೆ ಇಲ್ಲಿಯ ನಗು ಅಂಟಿಸಲು ನೋಡಿದೆ, ಕೂಡಲಿಲ್ಲ. ಬೀಗರ ಅಂಗಿ ಹಾಕಿಕೊಂಡ ಹಾಗೆ ಕಾಣುತ್ತಿತ್ತು.

ಮೊದಲ ಜೋಡಣೆಯಲ್ಲಿ ನಗುವನ್ನೆಲ್ಲ ಗಿಡ್ಡ ಮಾಡಿಟ್ಟಿದ್ದೆ. ಸಮಯ ಉಳಿಯಲಿ ಎಂದು. ನಿರ್ದೇಶಕಿ ನೋಡಿ ತಲೆ ಕೆರೆದುಕೊಂಡಳು.

"ಅಕ್ಕಾರ, ಅಣ್ಣಾರು ಒಂದು ಮಾತು ಅಂದು ನಿಲ್ತಿದ್ರು. ಮಂದಿ ನಗೂತನಾ ಮುಂದಿನ ಮಾತು ಆಡತಿದ್ದಿಲ್ಲ. ನೀವು ನಿಲ್ಲವಲ್ರಿ."

"ಕೆಲಸಾ ಬಿಟ್ಟು ಎಷ್ಟೊತ್ತು ನಿಲ್ಲಲೇ?"

"ಮುಂದ ಸಿನಿಮಾ ನೋಡಾಕ ಕುಂತವರೂ ನಗತಾರಲ್ರಿ. ಅವರಿಗೂ ಜಾಗಾ ಬೇಕು. ಇಲ್ಲಾಂದ್ರ ಮುಂದಿನ ಮಾತು ಅವರ ನಗಿ ಒಳಗ ಮುಳಗತೈತಿ."

ಹೌದಲ್ಲ ಅನ್ನಿಸಿತು. ಪ್ರತಿ ಮಾತಿನ ಕೊನೆಗೆ ಖಾಲಿ ಜಾಗ ಬಿಡುತ್ತ ಮತ್ತೆ ಮೊದಲಿನಿಂದ ಕೂತೆ. ಚಿತ್ರ ಉದ್ದವಾಯಿತು. ಆದರೆ ಪರದೆಯ ಮೇಲೆ ಅಣ್ಣಾರು ಉಸಿರಾಡತೊಡಗಿದರು.

ಚಿತ್ರದ ನಡುಗಂಬ ಅವರ ಚಹಾದ ಕಪ್ಪಿನ ಮಾತು. ಎಲ್ಲ ಊರಿನಲ್ಲೂ ಜನ ಅದನ್ನೇ ಕೇಳಿ ಹೇಳಿಸುತ್ತಿದ್ದರು. "ನಮ್ಮನ್ಯಾಗ ಜಾತಿ ಗೀತಿ ಏನೂ ಇಲ್ಲರಿ. ಹಿತ್ತಲ ಗ್ವಾಡಿ ಮ್ಯಾಲೆ ಒಂದು ಕಪ್ಪು ಬ್ಯಾರೆ ಇಟ್ಟಿದ್ವಿ, ಅಷ್ಟ. ಅದು ಆರೋಗ್ಯದ ಸಲುವಾಗಿ. ಯಾರ ಆರೋಗ್ಯ ಅಂತ ಮಾತ್ರ ಕೇಳಬ್ಯಾಡ್ರಿ." ಚಿಕ್ಕವರಿದ್ದಾಗ ಹೊಲದ ಆಳುಗಳಿಗೆಂದು ಇಟ್ಟ ಆ ಕಪ್ಪಿನಲ್ಲಿ ಇವರು ಚಹಾ ಕುಡಿದುಬಿಡುತ್ತಾರೆ. ಸಾಕಿ ಬೆಳೆಸಿದ ದೊಡ್ಡವ್ವ ನೋಡಿ ಹೌಹಾರುತ್ತಾಳೆ. ಇಲ್ಲಿಂದ ಅವರು ಸೆರಗು ಹೊದ್ದವರ ಹಾಗೆ ಟವೆಲು ಹೊದ್ದು ದೊಡ್ಡವ್ವನೇ ಆಗುತ್ತಿದ್ದರು.

"ನಿನ್ನ ಹೆಣಾ ಎತ್ತಲಿ, ಅದರಾಗ ಯಾಕ ಕುಡದೀಯೋ?"

"ಕುಡದ್ರ ಏನಾಗತೈತಿ ದೊಡ್ಡವ್ವ?"

"ಏನೂ ಆಗಾಂಗಿಲ್ಲ."

"ಏನೂ ಆಗಾಂಗಿಲ್ಲಂದ್ರ ಎಲ್ಲಾರೂ ಅದರಾಗ ಕುಡಿಯೋಣಲ್ಲ?"

ದೊಡ್ಡವ್ವ ಸೆರಗನ್ನು ಒಮ್ಮೆ ಬಿಚ್ಚಿ ಮತ್ತೆ ಹೊದ್ದುಕೊಳ್ಳುತ್ತಾಳೆ. ಆಮೇಲೆ ಮತ್ತೆ ಅದನ್ನೇ ಅನ್ನುತ್ತಾಳೆ: "ನಿನ್ನ ಹೆಣಾ ಎತ್ತಲಿ." ಸಭೆ ಬಿದ್ದು ಬಿದ್ದು ನಗುತ್ತಿದ್ದದ್ದು ಅಲ್ಲಿ. ಮುಗಿಸುವಾಗ ಹೇಳುತ್ತಿದ್ದರು: "ಈಗ ಕಾಗದದ ಕಪ್ಪು ಬಂದಾವು. ದೊಡ್ಡ ದೊಡ್ಡವರ ಕಡಿಂದ ಆಗದ್ದು ಕಾಗದ ಮಾಡೇತಿ. ಸಮಾನತೆ ಬಂತು. ಎಲ್ಲಾರ ಎಂಜಲೂ ಒಂದ ತಿಪ್ಪಿಗೆ."

ಬೇರೆ ಕಡೆಯವರು ಈ ಬೈಗುಳ ಕೇಳಿದರೆ ಬೆಚ್ಚಿಬಿದ್ದಾರು. ನಮ್ಮಲ್ಲಿ ಕೂಸಿಗೆ ನೀರು ಎರೆಯುವಾಗ ಅದು ಕೈಕಾಲು ಬಡಿದರೆ ತಾಯಿ ಇದೇ ಮಾತು ಅಂದು ಮುದ್ದು ಮಾಡುತ್ತಾಳೆ. ಬಾಯಿಗೆ ಬಂದ ಮಾತು, ಮನಸ್ಸಿಗೆ ಸಂಬಂಧವಿಲ್ಲ.

ದೊಡ್ಡವ್ವನ ಸಂದರ್ಶನಕ್ಕೆ ನಮ್ಮ ಯಜಮಾನರು, ನಿರ್ದೇಶಕಿ ಇಬ್ಬರೂ ಹಂಸಭಾವಿಗೆ ಹೋಗಿ ಬಂದರು. ಬಂದ ಸರಕು ನೋಡಿದರೆ ನನಗೆ ನಿರಾಸೆ. ಕುರ್ಚಿಯ ತುದಿಯಲ್ಲಿ ಕೂತ ಮುದುಕಿ, ಕೈ ಜೋಡಿಸಿಕೊಂಡು, "ಅವರು ಭಾಳ ಛಲೋ ಇದ್ರು. ಎಲ್ಲಾರಿಗೂ ಬೇಕಾದವರಾಗಿದ್ರು" ಅನ್ನುತ್ತಿದ್ದಳು. ಜೀವಮಾನವೆಲ್ಲ 'ಲೇ' ಎಂದು ಕರೆದ ಮಗನಿಗೆ 'ಅವರು'. ಪಂಚಾಯ್ತಿಯವರು ಭಾಷಣ ಮಾಡಿದ ಹಾಗೆ. ಬೈಗುಳದ ಬಗ್ಗೆ ಕೇಳಿದರೆ, "ಹಂಗೆಲ್ಲಾ ಅಂತಿದ್ದಿಲ್ಲರಿ ನಾವು" ಎಂದು ಸೆರಗು ಎಳೆದುಕೊಂಡಳು.

"ಯಾಕ ಹಿಂಗ ಮಾತಾಡ್ಯಾಳ?" ಎಂದು ನಿರ್ದೇಶಕಿಯನ್ನು ಕೇಳಿದೆ.

"ಮಣ್ಣು ಕೊಟ್ಟ ದಿನ ಹೆಣ್ಮಕ್ಕಳು ಗುಸುಗುಸು ಅಂದ್ರಂತ್ರಿ. ದೊಡ್ಡವ್ವನ ಬಾಯಿ ಹತ್ತಿತು ಅಂತ. ಅಂದಿದ್ದು ಖರೇ ಆತು ಅಂತ. ಅವತ್ತಿಂದ ಯಾರಿಗೂ ಬೈಯಾಂಗಿಲ್ಲಂತ. ಆಳಿಗೂ ಇಲ್ಲ, ಕೋಳಿಗೂ ಇಲ್ಲ."

ಇದ್ದುದರಲ್ಲೇ ಜೋಡಿಸೋಣ ಎಂದು ಕೂತೆ. ಸಂದರ್ಶನದ ಕೊನೆಗೆ ದೊಡ್ಡವ್ವ ಚಹಾ ಮಾಡಲು ಒಳಗೆ ಹೋಗಿದ್ದಾಳೆ. ಸೆರಗಿಗೆ ಸಿಕ್ಕಿಸಿದ ಸಣ್ಣ ಮೈಕನ್ನು ಬಿಚ್ಚಲು ಮರೆತಿದ್ದಾರೆ. ಕ್ಯಾಮೆರಾ ಖಾಲಿ ಕುರ್ಚಿಯನ್ನು ನೋಡುತ್ತಿದೆ, ಧ್ವನಿ ಮಾತ್ರ ಅಡುಗೆಮನೆಯದು. ಪಾತ್ರೆಯ ಸದ್ದು, ಒಲೆಯ ಸದ್ದು, ಏನೋ ಉರುಳಿದ ಸದ್ದು. ಬೆಕ್ಕು ಹಾಲಿಗೆ ಬಾಯಿ ಹಾಕಿರಬೇಕು. ದೊಡ್ಡವ್ವನ ದನಿ, ಸಂದರ್ಶನದಲ್ಲಿ ಇಲ್ಲದ ದನಿ: "ನಿನ್ನ ಹೆ—". ಅಲ್ಲಿಗೇ ನಿಂತುಬಿಟ್ಟಿತು. ಆಮೇಲೆ ಮೆಲ್ಲಗೆ, ಅತಿಥಿಗೆ ಹೇಳಿದ ಹಾಗೆ: "ಹೋಗವ್ವ, ಹೋಗು."

ನಾನು ಅದನ್ನು ಕತ್ತರಿಸಿ ಒಗೆದೆ. ಯೋಚಿಸಿ ಮಾಡಿದ್ದಲ್ಲ. ಮದುವೆಯ ವಿಡಿಯೋ ಕೈಗೆ ಬಂದರೆ ನನ್ನ ಮೊದಲ ಕೆಲಸ ಅಶುಭ ತೆಗೆಯುವುದು. ತಾಳಿ ಕಟ್ಟುವಾಗ ಯಾರೋ ಸೀನಿದ್ದು, ಕೂಸು ಅತ್ತದ್ದು, ಊಟದ ಪಂಕ್ತಿಯಲ್ಲಿ ಯಾರದೋ ಸಾವಿನ ಸುದ್ದಿ ಆಡಿದ್ದು, ಎಲ್ಲ ಹೋಗಿ ಅಲ್ಲೊಂದು ಸನಾದಿ ಬಂದು ಕೂರುತ್ತದೆ. ಕೈ ತಾನೇ ಹೋಗಿತ್ತು. ಖಾಲಿ ಕುರ್ಚಿಗೂ ತೆಳ್ಳಗೆ ಕೊಳಲು ಹಾಕಿದ್ದೆ.

ನಿರ್ದೇಶಕಿ ಬಂದು ನೋಡಿದಳು. ಖಾಲಿ ಕುರ್ಚಿ ಬಂದಾಗ ಹೆಡ್‌ಫೋನು ಕಿವಿಗೆ ಒತ್ತಿಕೊಂಡಳು.

"ಇಲ್ಲೊಂದು ಬೆಕ್ಕು ಇತ್ತಲ್ರಿ ಅಕ್ಕಾರ?"

"ಇತ್ತು. ತಗದೆ."

"ಯಾಕ್ರಿ?"

"ಹೆಣದ ಮಾತು ಬಂದಿತ್ತು" ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು. ಸತ್ತವರ ಚಿತ್ರದಿಂದ ಹೆಣದ ಮಾತು ತೆಗೆದಿದ್ದೆ. ಅವಳು ನಗಲು ಶುರು ಮಾಡಿದಳು, ನಾನೂ ನಕ್ಕೆ. ಆಮೇಲೆ ಕೊಳಲು ತೆಗೆದು, ಬೆಕ್ಕನ್ನು ತಂದು ಹಿಂದಿನ ಜಾಗದಲ್ಲಿಟ್ಟು ಇಬ್ಬರೂ ಕೇಳಿದೆವು. "ನಿನ್ನ ಹೆ—". ಮತ್ತೆ ನಗು ಬರಲಿಲ್ಲ.

"ಇದನ್ನ ಇಡೋಣ್ರಿ. ಅವರು ತಮ್ಮ ದನಿಯೊಳಗ ಮಾತಾಡಿದ್ದು ಇದೊಂದ" ಅಂದಳು.

"ಕ್ಯಾಮೆರಾ ಬಂದ್ ಐತಿ ಅಂತ ತಿಳಕೊಂಡು ಆಡಿದ ಮಾತು ಅದು."

"ಅದಕ್ಕ ಖರೇ ಐತಿ."

"ನಿನಗ ಖರೇ. ಆಕಿಗೆ ಏನು? ಬಾಯಿ ಹತ್ತಿತು ಅಂದವರು ನಾಳೆ ಮುಂದಿನ ಸಾಲಿನ್ಯಾಗ ಕುಂತು ಇದನ್ನ ಕೇಳತಾರ. ನೋಡ್ರಿ, ಇನ್ನೂ ಅಂತಾಳ, ಅಂತಾರ. ಚಿತ್ರ ಮುಗಿಸಿ ನೀನು ನಿಮ್ಮೂರಿಗೆ ಹೋಗ್ತಿ, ನಾನು ಇನ್ನೊಂದು ಲಗ್ನ ಕತ್ತರಸ್ತೇನಿ. ಆಕಿ ಅದ ಓಣ್ಯಾಗ ಇರಬೇಕು."

ಅವಳು ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟಳು. ಇಡದಿದ್ದರೆ ಚಿತ್ರದಲ್ಲಿ ಉಳಿಯುವುದು ಕೈ ಜೋಡಿಸಿದ ಮುದುಕಿ ಮಾತ್ರ ಎಂಬುದು ನನಗೂ ಗೊತ್ತಿತ್ತು. ನಗೆಗಾರರು ಊರೂರು ತಿರುಗಿ ಕಟ್ಟಿದ ದೊಡ್ಡವ್ವ ಸುಳ್ಳಾಗುತ್ತಿದ್ದಳು. ಎರಡು ದಿನ ಆ ಜಾಗವನ್ನು ಮುಟ್ಟದೆ ಬೇರೆ ಕೆಲಸ ಮಾಡಿದೆ. ಆಮೇಲೆ ನಿರ್ದೇಶಕಿಗೆ ಫೋನು ಮಾಡಿ, "ಇಡೂದು ಬಿಡೂದು ನಮ್ಮ ಕೈಯಾಗ ಬ್ಯಾಡ. ಲ್ಯಾಪ್‌ಟಾಪು ತಗೊಂಡು ಹೋಗೋಣು. ತೋರಿಸಿ ಕೇಳೋಣು. ಬ್ಯಾಡ ಅಂದ್ರ ಬ್ಯಾಡ" ಅಂದೆ. ಅವಳು ಒಪ್ಪಲು ಸ್ವಲ್ಪ ಹೊತ್ತು ತೆಗೆದುಕೊಂಡಳು, ಆದರೆ ಒಪ್ಪಿದಳು.

ಎಂದಿನ ಹಾಗೆ ಕ್ಯಾಮೆರಾ ಚೀಲ ಹೊತ್ತ ನಮ್ಮ ಯಜಮಾನರೂ ಸೇರಿ ಮೂವರೂ ಹಂಸಭಾವಿಗೆ ಹೋದೆವು. ದೊಡ್ಡವ್ವ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮ ಯಜಮಾನರನ್ನು ನೋಡಿ, "ಬರ್ರಿ, ಕುಂದರ್ರಿ" ಅಂದಳು. ನಾನೂ ಕೂತು ಕಾಯಿ ಸುಲಿಯತೊಡಗಿದೆ. ಕೈಗೆ ಕೆಲಸವಿದ್ದರೆ ಬಾಯಿಗೆ ಧೈರ್ಯ.

ಅಡುಗೆಮನೆಯ ಮಾತು ಮೈಕಿಗೆ ಬಿದ್ದ ಸಂಗತಿಯನ್ನು ಮೊದಲೇ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಅದನ್ನ ಮಂದಿಗೆ ತೋರಸ್ತೀರೇನು?"

"ನೀವು ಹೂಂ ಅಂದ್ರ ಅಷ್ಟ ರಿ. ಮೊದಲ ನೋಡ್ರಿ."

ಅವಳು ಮಗನ ಕಾರ್ಯಕ್ರಮವನ್ನು ಒಮ್ಮೆಯೂ ನೋಡಿರಲಿಲ್ಲ. ಕರೆದರೂ ಹೋಗಿರಲಿಲ್ಲವಂತೆ. ಲ್ಯಾಪ್‌ಟಾಪನ್ನು ಮೊರದ ಪಕ್ಕದಲ್ಲಿಟ್ಟು ಕಪ್ಪಿನ ಮಾತು ಹಚ್ಚಿದೆ. ಟವೆಲು ಹೊದ್ದ ಮಗ ಪರದೆಯ ಮೇಲೆ ಅವಳಾದ. ಕಾಯಿ ಸುಲಿಯುವ ಕೈ ನಿಂತಿತು.

"ಸೆರಗು ಆ ಕಡೆಗಲ್ಲೋ" ಅಂದಳು ಪರದೆಗೆ. ಆಮೇಲೆ ನಮ್ಮತ್ತ ತಿರುಗಿ, "ನಾ ಏನು ಹಿಂಗ ಚೀರತಿದ್ನೇನು? ಇಷ್ಟು ಚೀರತಿದ್ದಿಲ್ಲ" ಅಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ನಗಲಿಲ್ಲ.

"ಆಯಿ," ಎಂದು ಅಜ್ಜಿಯನ್ನು ಕರೆಯುವ ಹಾಗೆ ಕರೆದು ನಿರ್ದೇಶಕಿ ಕೇಳಿದಳು, "ಆ ಕಪ್ಪಿನ ಮಾತು ಖರೇ ಏನ್ರಿ?"

"ಖರೇ. ಹಿತ್ತಲ ಗ್ವಾಡಿ ಮ್ಯಾಲ ಇತ್ತು." ಅವಳ ಮುಖ ನೋಡುತ್ತ, "ನಿಮ್ಮ ಆಯಿ ಕೂಲಿಗೆ ಬರತಿದ್ಲು ನಮ್ಮ ಹೊಲಕ್ಕ. ನೀ ಬಂದ ಮೊದಲನೇ ದಿನನ ಗುರ್ತು ಹಿಡದೆ. ಅದ ಮೂಗು" ಅಂದಳು.

"ಗುರ್ತು ಹಿಡದೀರಿ ಅಂತ ನನಗೂ ಗೊತ್ತಾತ್ರಿ. ಅವತ್ತು ನಮಗೆಲ್ಲಾ ಕಾಗದದ ಕಪ್ಪು ಕೊಟ್ರಿ."

"ಎಲ್ಲಾರಿಗೂ ಅದರಾಗ ಕೊಡತೇನಿ. ತೊಳ್ಯಾಕ ಕೈಲಾಗಾಂಗಿಲ್ಲ" ಅಂದಳು ದೊಡ್ಡವ್ವ.

"ಕಪ್ಪಿನ ಮಾತು ನಾ ತಗ್ಯಾಂಗಿಲ್ಲರಿ."

"ತಗಿ ಅಂತ ನಾ ಎಲ್ಲಿ ಅಂದೆ? ಅದು ಆಗಿದ್ದು."

ಇಬ್ಬರೂ ಅಲ್ಲಿಗೆ ನಿಲ್ಲಿಸಿದರು. ನಾನು ಕಾಯಿ ಸುಲಿಯುತ್ತಿದ್ದೆ.

ಮುಂದೆ ಖಾಲಿ ಕುರ್ಚಿ ಬಂತು. ಪಾತ್ರೆಯ ಸದ್ದು, ಉರುಳಿದ ಸದ್ದು, "ನಿನ್ನ ಹೆ—". ತನ್ನ ದನಿ ಕೇಳಿ ದೊಡ್ಡವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ನಾನು ಅಲ್ಲಿಗೇ ನಿಲ್ಲಿಸಲು ಹೋಗಿ, ಗುಂಡಿ ತಪ್ಪಿ ಹಿಂದಕ್ಕೆ ಒತ್ತಿದೆ. ಪರದೆಯ ಮೇಲೆ ಟವೆಲು ಹೊದ್ದ ಮಗ ಬಾಯಿ ತೆರೆದುಕೊಂಡು ನಿಂತ.

"ತಗೀರಿ" ಅಂದಳು ದೊಡ್ಡವ್ವ. "ತಗೀರಿ ಅದನ್ನ."

"ಆತ್ರಿ, ತಗೀತೇವಿ" ಅಂದೆ. ನಿರ್ದೇಶಕಿ ತಲೆ ತಗ್ಗಿಸಿದಳು. ಮುಗಿಯಿತು ಅಂದುಕೊಂಡೆ.

ಬಾಗಿಲ ಹತ್ತಿರ ಕೂತಿದ್ದ ನಮ್ಮ ಯಜಮಾನರು ಮಾತ್ರ ಲಗುಬಗೆಯಿಂದ ಚೀಲ ಬಿಚ್ಚಿ ಕ್ಯಾಮೆರಾ ಹೆಗಲಿಗೇರಿಸಿದರು. ಮದುವೆ ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳು "ತಗೀರಿ, ತಗೀರಿ" ಅಂದರೆ ಒಂದೇ ಅರ್ಥ, ಫೋಟೋ ತೆಗೆಯಿರಿ ಎಂದು. ಇಷ್ಟು ವರ್ಷ ಅವರ ಕಿವಿ ಕೇಳಿದ್ದು ಅದೊಂದೇ. ಕೆಂಪು ದೀಪ ಹತ್ತಿತು.

"ಏನ ಮಾಡಾಕತ್ತಿಯಪಾ?" ಎಂದು ದೊಡ್ಡವ್ವ ಕೇಳಿದಳು.

"ತಗೀರಿ ಅಂದ್ರೆಲ್ರಿ. ತಗ್ಯಾಕತ್ತೇನಿ."

"ನಾ ಏನಂದೆ, ನೀ ಏನ ತಗ್ಯಾಕತ್ತಿ?"

ಅವರು ಅಷ್ಟು ಹೊತ್ತಿಗೆ ತಪ್ಪು ತಿಳಿದು, ಕ್ಯಾಮೆರಾ ಇಳಿಸಬೇಕೋ ಬೇಡವೋ ಗೊತ್ತಾಗದೆ, ಅರ್ಧ ಬಗ್ಗಿ ನಿಂತರು. ದೊಡ್ಡವ್ವ ಅವರನ್ನು ನೋಡಿದಳು, ಪರದೆಯ ಮೇಲೆ ಬಾಯಿ ತೆರೆದ ಮಗನನ್ನು ನೋಡಿದಳು. ಮೊದಲು ಅವಳ ಹೊಟ್ಟೆ ಅಲುಗಾಡಿತು, ಆಮೇಲೆ ನಗು ಬಂತು. ಹಲ್ಲಿಲ್ಲದ ಬಾಯಿಯ ನಗು, ಸದ್ದಿಲ್ಲ, ಕಣ್ಣಲ್ಲಿ ನೀರು.

"ಇವನೂ ನಿನ್ನಂಗ ಅದಾನ ನೋಡಲೇ" ಅಂದಳು ಪರದೆಗೆ. 'ಅವರು' ಹೋಗಿ 'ಲೇ' ಬಂದಿತ್ತು. "ಒಂದಂದ್ರ ಇನ್ನೊಂದು ಮಾಡತಾನ. ನಿನ್ನ ಹೆಣಾ…"

ಅಷ್ಟಕ್ಕೆ ತಡೆದಳು. ಆಮೇಲೆ ತಗ್ಗಿದ ದನಿಯಲ್ಲಿ, ಲೆಕ್ಕ ತಪ್ಪಿದವರ ಹಾಗೆ, ಪರದೆಯ ಮೇಲಿನ ಮಗನನ್ನೇ ಕೇಳಿದಳು:

"ಹೆಣಾ ಎತ್ತಿ ಆತಲ್ಲೋ. ಇನ್ನ ನಿನಗ ಏನಂತ ಬೈಲಿ?"

ಅವರೆಕಾಯಿಯ ಮೊರ ಮುಂದಕ್ಕೆಳೆದುಕೊಂಡು ಮತ್ತೆ ಸುಲಿಯತೊಡಗಿದಳು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅದನ್ನು ತೋರಿಸಿ ನಾನೇ ಕೇಳಿದೆ: "ಇದನ್ನ ಏನ ಮಾಡೋಣ್ರಿ ಆಯಿ? ಅಳಸಂದ್ರ ಈಗ ಅಳಸತೇವಿ."

ಕೈಯ ಕೆಲಸ ಬಿಡದೆ ಯೋಚಿಸಿದಳು. "ಇಡ್ರಿ. ಬೆಕ್ಕಿಂದೂ ಇಡ್ರಿ. ಅರ್ಧಾ ಒಂದ ಇಟ್ರ ಮಂದಿ ಉಳದದ್ದು ತಾವ ತುಂಬಕೋತಾರ. ಇಡೂದಾದ್ರ ಪೂರಾ ಇಡ್ರಿ."

ಹೊರಡುವ ಮುಂಚೆ ಚಹಾ ಬಂತು, ಹೂವಿನ ಚಿತ್ರದ ಕಪ್ಪು ಬಸಿಯಲ್ಲಿ. ನಿರ್ದೇಶಕಿ ಕಪ್ಪನ್ನು ಸುತ್ತ ತಿರುಗಿಸಿ ನೋಡಿದಳು.

"ಇದು ಅದಲ್ಲ ತಗೋ. ಅದು ಒಡದು ಭಾಳ ದಿನ ಆತು" ಅಂದಳು ದೊಡ್ಡವ್ವ.

ಕುಡಿದ ಮೇಲೆ ನಿರ್ದೇಶಕಿ ತನ್ನ ಕಪ್ಪನ್ನು ತೊಳೆಯಲೆಂದು ಎತ್ತಿಕೊಂಡಳು. ದೊಡ್ಡವ್ವ ಕೈ ಚಾಚಿ ತಾನೇ ಈಸಿಕೊಂಡಳು. ನಾನು ಕಂಡದ್ದು ಇಷ್ಟು. ಅದು ಕ್ಯಾಮೆರಾದಲ್ಲಿ ಇಲ್ಲ.

ಹಾನಗಲ್ಲಿಗೆ ಬಂದು ಉಳಿದ ಜೋಡಣೆ ಮುಗಿಸಿದೆ. ಬೆಕ್ಕಿನ ಹಿಂದೆ ಏನೂ ಹಾಕಲಿಲ್ಲ, ಒಲೆಯ ಸದ್ದು ಹಾಗೇ ಬಿಟ್ಟೆ. ಅದರ ಮುಂದೆ ಪಡಸಾಲೆಯ ತುಣುಕು. ಕ್ಯಾಮೆರಾ ಓರೆಯಾಗಿತ್ತು, ನೇರ ಮಾಡುವ ಉಪಾಯವಿತ್ತು, ಮಾಡಲಿಲ್ಲ. "ಇನ್ನ ನಿನಗ ಏನಂತ ಬೈಲಿ?" ಎಂಬುದರ ಬೆನ್ನಿಗೇ ನಗೆಗಾರರ ಹಳೆಯ ಗೆಳೆಯರೊಬ್ಬರ ಮಾತು ಜೋಡಿಸಿದೆ. ಅವರು ಕೊನೆಯ ದಿನಗಳ ಬಗ್ಗೆ ಗಂಭೀರವಾಗಿ ಹೇಳುವ ಮಾತು. ಅಳುವ ಜಾಗ ಎಂದು ನನ್ನ ಲೆಕ್ಕ.

ಹಿರೇಕೆರೂರಿನ ಒಂದು ಸಭಾಗೃಹದಲ್ಲಿ ಮಧ್ಯಾಹ್ನ ತೋರಿಸಿದೆವು. ಹಂಸಭಾವಿಯಿಂದ ಒಂದು ಟೆಂಪೋ ತುಂಬ ಹೆಂಗಸರು ಬಂದಿದ್ದರು. ದೊಡ್ಡವ್ವ ಮುಂದಿನ ಸಾಲಿನಲ್ಲಿ, ಬಾಯಿ ಹತ್ತಿತು ಅಂದವರು ಎಡಕ್ಕೂ ಬಲಕ್ಕೂ. ನಾನು ಗೋಡೆಗೆ ಒರಗಿ ನಿಂತಿದ್ದೆ. ಬೆಕ್ಕಿನ ಜಾಗದಲ್ಲಿ ಸಭೆ ಗಪ್ಪಾಯಿತು. ಪಡಸಾಲೆ ಬಂತು, ಓರೆಯಾಗಿ. "ಹೆಣಾ ಎತ್ತಿ ಆತಲ್ಲೋ. ಇನ್ನ ನಿನಗ ಏನಂತ ಬೈಲಿ?"

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ನಕ್ಕರು. ನಗು ಒಂದೊಂದೇ ಸಾಲು ದಾಟಿ ಮುಂದಕ್ಕೆ ಬಂತು, ದೊಡ್ಡವ್ವನ ಎಡಬಲದವರಿಗೂ ಬಂತು. ಅವರಲ್ಲಿ ಒಬ್ಬಾಕೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ದೊಡ್ಡವ್ವನ ಮೊಣಕಾಲಿನ ಮೇಲೆ ಕೈ ಇಟ್ಟಳು. ಗೆಳೆಯರ ಗಂಭೀರ ಮಾತು ಪೂರ್ತಿ ಮುಳುಗಿತು. ಬಾಯಿ ಆಡುತ್ತಿತ್ತು, ಏನು ಹೇಳಿದರೆಂದು ಆ ಮಧ್ಯಾಹ್ನ ಯಾರಿಗೂ ಕೇಳಲಿಲ್ಲ.

ಮುಗಿದ ಮೇಲೆ ದೊಡ್ಡವ್ವ ಬಾಗಿಲಲ್ಲಿ ನನ್ನನ್ನು ಹಿಡಿದಳು. "ನಿನ್ನ ಹೆಣಾ ಎತ್ತಲಿ, ಇಷ್ಟು ಮಂದ್ಯಾಗ ನನ್ನ ಮಾಸಿದ ಸೀರಿ ತೋರಿಸಿದೆಲ್ಲ" ಅಂದಳು.

"ತಗೀಲೇನ್ರಿ?" ಅಂದೆ.

"ಯಾವ ತಗಿಯೂದು?" ಅಂದು ಟೆಂಪೋ ಹತ್ತಿದಳು.

ಮರುದಿನ ಕುಕ್ಕರು ಇಟ್ಟು ಬಂದು ಕೂತು ಅದೊಂದು ಜಾಗವನ್ನು ಮತ್ತೆ ತೆರೆದೆ. ದೊಡ್ಡವ್ವನ ಮಾತಿಗೂ ಗೆಳೆಯರ ಮಾತಿಗೂ ನಡುವೆ, ನಿರ್ದೇಶಕಿ ಹೇಳಿದ ಹಾಗೆ, ಜನ ನಕ್ಕು ಮುಗಿಸುವ ತನಕ ನಿಂತೆ. ಈಗ ಅಲ್ಲಿ ಹಂಸಭಾವಿಯ ಬೆಕ್ಕು ಅಂಗಳ ದಾಟಿ ಗೋಡೆ ಹತ್ತುವಷ್ಟು ಹೊತ್ತು ಖಾಲಿ ಇದೆ.